ಜರಿಗೊಂದು ಪೆಟ್ಟಿಗೆ: ಮುಂಬಯಿಯ ಹವೆಯಲ್ಲಿ ದೈತ್ಯ ಶತಪದಿಯ ಸುರಕ್ಷಿತ ವಾಸ

ಕಳೆದ ಮಳೆಗಾಲದಲ್ಲಿ ಮುಂಬಯಿಯ ಮುಲುಂಡಿನ ಪರಿಚಿತರೊಬ್ಬರ ಮನೆಯಲ್ಲಿ, ಕಾಲೇಜು ಓದುವ ಮಗ ಸಾಕಿಕೊಂಡಿದ್ದ ಅರ್ಧ ಅಡಿ ಉದ್ದದ ಜರಿಯೊಂದು ರಾತ್ರಿ ಕಳೆಯುವುದರೊಳಗೆ ಪೆಟ್ಟಿಗೆಯಿಂದ ಕಾಣೆಯಾಯಿತು. ಪೆಟ್ಟಿಗೆಯ ಕ್ಲಿಪ್ಪುಗಳೆಲ್ಲ ಹಾಕಿದಂತೆಯೇ ಇದ್ದವು, ಮುಚ್ಚಳ ಅಲುಗಿರಲಿಲ್ಲ. ಮೂರನೆಯ ದಿನ ಬಟ್ಟೆ ಒಗೆಯುವ ಯಂತ್ರದ ಹಿಂದೆ, ನೀರು ಜಿನುಗುತ್ತಿದ್ದ ಕೊಳವೆಯ ಬುಡದಲ್ಲಿ ಅದು ಸಿಕ್ಕಿತು. ಆ ಮೂರು ದಿನ ಮನೆಯ ಅಜ್ಜಿ ಮಂಚದಿಂದ ಕಾಲು ಕೆಳಗಿಳಿಸುವ ಮೊದಲು ಟಾರ್ಚ್ ಹಾಕಿ ನೆಲ ನೋಡುತ್ತಿದ್ದರು. ಅನಂತರ ಆ ಪೆಟ್ಟಿಗೆಯನ್ನು ಪರೀಕ್ಷಿಸಿದಾಗ ಕಾರಣ ತಿಳಿಯಿತು: ಎರಡು ಕ್ಲಿಪ್ಪುಗಳ ನಡುವಿನ ಉದ್ದ ಬದಿಯಲ್ಲಿ ಮುಚ್ಚಳದ ಪ್ಲಾಸ್ಟಿಕ್ ಕಮಾನಿನಂತೆ ತುಸು ಮೇಲಕ್ಕೆ ಬಾಗಿತ್ತು, ಆ ಸಂದಿಯಲ್ಲಿ ಒಂದು ಪೆನ್ಸಿಲ್ ಸಲೀಸಾಗಿ ತೂರುತ್ತಿತ್ತು. ನಮ್ಮ ಕಣ್ಣಿಗೆ ಅದು ಮುಚ್ಚಿದ ಪೆಟ್ಟಿಗೆ, ಜರಿಗೆ ತೆರೆದ ಬಾಗಿಲು.

ಇಂಥ ಪ್ರಾಣಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬಹುಮಟ್ಟಿಗೆ ಬೇಡ ಎಂದೇ. ಅಂಬೆಗಾಲಿಡುವ ಮಕ್ಕಳು, ನಾಯಿ ಬೆಕ್ಕುಗಳು ಇರುವ ಮನೆಯಲ್ಲಂತೂ ಖಂಡಿತ ಬೇಡ. ಆದರೆ ಸಾಕುವವರು ಸಾಕಿಯೇ ಸಾಕುತ್ತಾರೆ, ಅಂಥವರಲ್ಲಿ ಹೆಚ್ಚಿನವರು ತಂಪು ಮತ್ತು ಒಣ ಹವೆಯ ದೇಶಗಳಲ್ಲಿ ಬರೆದ ಸೂಚನೆಗಳನ್ನು ಓದಿ, ಅವುಗಳನ್ನು ಹಾಗೆಯೇ ಡೊಂಬಿವಲಿಯ ಅಥವಾ ಗೋರೆಗಾಂವಿನ ಒಂದು ಕೋಣೆಯ ಮನೆಗೆ ತರುತ್ತಾರೆ. ಪೆಟ್ಟಿಗೆಯ ಪ್ರತಿಯೊಂದು ಅಳತೆಯೂ ಆ ಪ್ರಾಣಿಯ ದೇಹರಚನೆಯಿಂದ ಹುಟ್ಟಬೇಕು ಮತ್ತು ಪೆಟ್ಟಿಗೆ ಇರುವ ಊರಿನ ಹವೆಗೆ ಹೊಂದಬೇಕು. ಈ ಎರಡನ್ನು ಬಿಟ್ಟು ಮಾಡಿದ ಪೆಟ್ಟಿಗೆಯಲ್ಲಿ ಜರಿ ತಪ್ಪಿಸಿಕೊಳ್ಳುತ್ತದೆ, ಇಲ್ಲವೇ ಸಾಯುತ್ತದೆ.

ಕನ್ನಡದಲ್ಲಿ ಜರಿ ಅಥವಾ ಶತಪದಿ ಎಂದೂ ನಮ್ಮ ಮರಾಠಿ ನೆರೆಹೊರೆಯವರ ಬಾಯಲ್ಲಿ ಘೋಣ್ ಎಂದೂ ಕರೆಯಿಸಿಕೊಳ್ಳುವ ಈ ಜೀವಿಗೆ ಹೆಸರಿನಲ್ಲಿರುವಂತೆ ನೂರು ಕಾಲುಗಳಿಲ್ಲ. ದೈತ್ಯ ಶತಪದಿಗಳೆಂದು ಹೇಳಿಸಿಕೊಳ್ಳುವ ಸ್ಕೋಲೊಪೆಂಡ್ರ ಕುಲದ ಬಹುತೇಕ ಪ್ರಭೇದಗಳಿಗೆ ಇರುವುದು 21 ಜೋಡಿ ಕಾಲುಗಳು. ಶತಪದಿಗಳಲ್ಲಿ ಈ ಜೋಡಿಗಳ ಸಂಖ್ಯೆ ಸಾಮಾನ್ಯವಾಗಿ ಬೆಸವೇ ಆಗಿರುವುದರಿಂದ ಸರಿಯಾಗಿ 50 ಜೋಡಿ, ಅಂದರೆ ನೂರು ಕಾಲು, ಲೆಕ್ಕಕ್ಕೆ ಸಿಗುವುದೇ ಇಲ್ಲ. ಕೊನೆಯ ಜೋಡಿ ನಡೆಯುವುದಕ್ಕಲ್ಲ, ಹಿಡಿದುಕೊಳ್ಳುವುದಕ್ಕೆ ಮತ್ತು ಹೆದರಿಸುವುದಕ್ಕೆ. ತಲೆಯ ಕೆಳಗೆ ಮಡಿಸಿಕೊಂಡಿರುವ ಇನ್ನೊಂದು ಜೋಡಿ ಮೂಲತಃ ಕಾಲುಗಳೇ ಆಗಿದ್ದು, ಕಾಲಕ್ರಮದಲ್ಲಿ ವಿಷದ ಕೊಕ್ಕೆಗಳಾಗಿ ಮಾರ್ಪಟ್ಟಿವೆ, ಆದ್ದರಿಂದ ಜರಿ ಕಚ್ಚಿತು ಎನ್ನುವಾಗ ಅದು ನಿಜಕ್ಕೂ ಚುಚ್ಚಿದ್ದು ಕಾಲಿನಿಂದ. ದಕ್ಷಿಣ ಅಮೆರಿಕದ ಸ್ಕೋಲೊಪೆಂಡ್ರ ಜೈಜಾಂಟಿಯ ಸುಮಾರು 30 ಸೆಂಟಿಮೀಟರ್ ಬೆಳೆಯುತ್ತದೆ. ವೆನೆಜುವೆಲಾದ ಒಂದು ಗುಹೆಯಲ್ಲಿ ಅದು ಛಾವಣಿಗೆ ಹತ್ತಿ ಬಾವಲಿಗಳನ್ನು ಹಿಡಿದು ತಿನ್ನುವುದನ್ನು ಸಂಶೋಧಕರು 2005ರಲ್ಲಿ ವರದಿ ಮಾಡಿದರು. ನಮ್ಮಲ್ಲಿ ಕೇಸರಿ ಮತ್ತು ಕಪ್ಪು ಪಟ್ಟೆಗಳ ಸ್ಕೋಲೊಪೆಂಡ್ರ ಹಾರ್ಡ್‌ವಿಕೈ ಎಂಬ, ಹುಲಿಜರಿ ಎನ್ನಬಹುದಾದ ಪ್ರಭೇದಕ್ಕೆ ಸಾಕುವವರಲ್ಲಿ ಬೇಡಿಕೆ ಹೆಚ್ಚು.

ಪೆಟ್ಟಿಗೆಯ ದೃಷ್ಟಿಯಿಂದ ಮುಖ್ಯವಾದವು ಈ ದೇಹದ ಎರಡು ಗುಣಗಳು. ಮೊದಲನೆಯದು, ಅದು ಚಪ್ಪಟೆ. ಕಲ್ಲಿನಡಿ, ತೊಗಟೆಯಡಿ ತೂರುವುದಕ್ಕೆಂದೇ ರೂಪುಗೊಂಡ ಈ ದೇಹದ ಫಲಕಗಳ ನಡುವಿನ ಪೊರೆ ಮೆದುವಾಗಿರುವುದರಿಂದ, ತಲೆ ತೂರಿದ ಸಂದಿಯಲ್ಲಿ ಉಳಿದ ದೇಹವೂ ತೂರುತ್ತದೆ. ಎರಡನೆಯದು, ಅದು ಬೇಗ ಒಣಗುತ್ತದೆ. ಜಿರಲೆಯಂಥ ಕೀಟಗಳ ಮೈಮೇಲೆ ನೀರು ಆರದಂತೆ ತಡೆಯುವ ಒಳ್ಳೆಯ ಮೇಣದ ಲೇಪವಿದೆ, ಉಸಿರುರಂಧ್ರಗಳನ್ನು ಅವು ಬೇಕೆಂದಾಗ ಮುಚ್ಚಿಕೊಳ್ಳಬಲ್ಲವು. ಜರಿಯ ಮೈಮೇಲಿನ ಲೇಪ ದುರ್ಬಲ, ಬದಿಗಳಲ್ಲಿರುವ 9 ಜೋಡಿ ಉಸಿರುರಂಧ್ರಗಳನ್ನು ಅದು ಕೀಟಗಳಂತೆ ಬಿಗಿಯಾಗಿ ಮುಚ್ಚಿಕೊಳ್ಳಲಾರದು. ಹಾಗಾಗಿ ಒಣ ಪೆಟ್ಟಿಗೆಯಲ್ಲಿಟ್ಟ ಜರಿ ಹಸಿವಿನಿಂದ ಸಾಯುವುದಕ್ಕೆ ಬಹಳ ಮೊದಲೇ ನೀರಿಲ್ಲದೆ ಸಾಯುತ್ತದೆ, ಸಾಯುವ ಮುನ್ನ ತೇವವನ್ನು ಹುಡುಕುತ್ತ ಪೆಟ್ಟಿಗೆಯ ಪ್ರತಿಯೊಂದು ಅಂಚನ್ನೂ ರಾತ್ರಿಯಿಡೀ ತಡಕುತ್ತದೆ. ಮುಲುಂಡಿನ ಆ ಜರಿ ಒಗೆಯುವ ಯಂತ್ರದ ಹಿಂದೆಯೇ ಸಿಕ್ಕಿದ್ದು ಆಕಸ್ಮಿಕವಲ್ಲ. ಒಳಗೆ ತೇವ ಮತ್ತು ಅಡಗುದಾಣ ಸರಿಯಾಗಿದ್ದರೆ ಹೊರಬರುವ ಪ್ರಯತ್ನವೇ ಕಡಿಮೆಯಾಗುತ್ತದೆ, ಆದ್ದರಿಂದ ಮಣ್ಣಿನ ತೇವವೂ ಬೀಗದಷ್ಟೇ ಭದ್ರತೆಯ ವಿಷಯ.

ಇನ್ನು ಅಳತೆ. ನುಣುಪಾದ ಗಾಜನ್ನೋ ಅಕ್ರಿಲಿಕ್ಕನ್ನೋ ದೊಡ್ಡ ಜರಿ ಹತ್ತಲಾರದು, ಅದರ ಕಾಲುಗುರುಗಳಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಆದರೆ ಹಿಂಗಾಲುಗಳನ್ನು ನೆಲಕ್ಕೆ ಊರಿಕೊಂಡು ಗೋಡೆಗೆ ಒರಗಿ ಮೈಯನ್ನು ಬಹುಪಾಲು ಮೇಲಕ್ಕೆತ್ತಬಲ್ಲದು. ಆದ್ದರಿಂದ ಮಣ್ಣಿನ ಮೇಲ್ಮೈಯಿಂದ ಪೆಟ್ಟಿಗೆಯ ಅಂಚಿನವರೆಗಿನ ಎತ್ತರ ಜರಿಯ ಉದ್ದದ ಒಂದೂವರೆ ಪಟ್ಟಿಗಿಂತ ಕಡಿಮೆ ಇರಬಾರದು. 15 ಸೆಂಟಿಮೀಟರ್ ಉದ್ದದ ಜರಿಗೆ ಈ ಲೆಕ್ಕದಲ್ಲಿ ಮಣ್ಣಿನ ಮೇಲೆ 23 ಸೆಂಟಿಮೀಟರ್ ಖಾಲಿ ಎತ್ತರ, ಮಣ್ಣಿನ ಆಳ 12 ಸೆಂಟಿಮೀಟರ್, ಒಟ್ಟು 35 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಬೇಕಾಗುತ್ತದೆ. ನೆಲದ ಉದ್ದಗಲ 45 ಮತ್ತು 30 ಸೆಂಟಿಮೀಟರ್ ಇದ್ದರೆ ಸಾಕಷ್ಟಾಯಿತು. ಅಂಗಡಿಯಲ್ಲಿ ಪೆಟ್ಟಿಗೆ ಕೊಳ್ಳುವಾಗ ಹೊರಗಿನ ಎತ್ತರವನ್ನಷ್ಟೇ ನೋಡಿ ಬಂದು, ಮನೆಯಲ್ಲಿ ಮಣ್ಣು ತುಂಬಿದ ಮೇಲೆ ಅರ್ಧ ಎತ್ತರ ಮಾಯವಾದದ್ದನ್ನು ಕಂಡು ಮಣ್ಣನ್ನೇ ಕಡಿಮೆ ಮಾಡುವವರು ಹಲವರಿದ್ದಾರೆ. ಅದು ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದಂತೆ, ಏಕೆಂದರೆ ಬಿಲ ತೋಡಲು ಆಳವಿಲ್ಲದ ಜರಿ ದಿನವಿಡೀ ಮೇಲೆಯೇ ಓಡಾಡುತ್ತ ಕಂಗೆಡುತ್ತದೆ.

ಗಾಜಿನ ಪೆಟ್ಟಿಗೆಯಲ್ಲಿ ಒಂದು ಗುಪ್ತ ಏಣಿಯಿದೆ. ಮೀನಿನ ತೊಟ್ಟಿ ಮಾಡುವವರು ಗಾಜಿನ ಫಲಕಗಳನ್ನು ಮೂಲೆಯಲ್ಲಿ ಸಿಲಿಕಾನ್ ಅಂಟಿನಿಂದ ಜೋಡಿಸುತ್ತಾರೆ, ಒಣಗಿದ ಆ ಅಂಟು ರಬ್ಬರಿನಂತೆ ಮೆದುವಾಗಿರುವುದರಿಂದ ಜರಿಯ ಉಗುರು ಅದರಲ್ಲಿ ಚೆನ್ನಾಗಿ ನಾಟುತ್ತದೆ. ನಾಲ್ಕು ಗೋಡೆಗಳನ್ನು ಹತ್ತಲಾರದ ಪ್ರಾಣಿ ನಾಲ್ಕು ಮೂಲೆಗಳಲ್ಲಿ ಸರಾಗವಾಗಿ ಹತ್ತುತ್ತದೆ. ಹೊಸದಾಗಿ ಮಾಡಿಸುವುದಾದರೆ ಒಳಮೂಲೆಯಲ್ಲಿ ಅಂಟು ಉಬ್ಬಿ ನಿಲ್ಲದಂತೆ ಕೆರೆದು ತೆಗೆಯಲು ಹೇಳಬೇಕು. ಗೋಡೆಗೆ ಒರಗಿಸಿಟ್ಟ ತೊಗಟೆ ಅಥವಾ ಹೆಂಚು ಕೂಡ ಇದೇ ಕೆಲಸ ಮಾಡುತ್ತದೆ, 23 ಸೆಂಟಿಮೀಟರ್ ಎತ್ತರದ ಗೋಡೆಗೆ 10 ಸೆಂಟಿಮೀಟರ್ ಎತ್ತರದ ಹೆಂಚನ್ನು ಒರಗಿಸಿದರೆ ಜರಿಯ ಪಾಲಿಗೆ ಉಳಿಯುವುದು 13 ಸೆಂಟಿಮೀಟರ್ ಗೋಡೆ. ಅಲಂಕಾರದ ವಸ್ತುಗಳೆಲ್ಲ ಪೆಟ್ಟಿಗೆಯ ನಡುವಿನಲ್ಲೇ, ನೆಲಕ್ಕೆ ಮಲಗಿದಂತೆ ಇರಬೇಕು.

ಮುಚ್ಚಳದ ವಿಷಯದಲ್ಲಿ ನಾನು ಹೆಚ್ಚು ಕಟ್ಟುನಿಟ್ಟು. ಭಾರದ ಕಲ್ಲನ್ನು ಹೇರಿದ ಮುಚ್ಚಳ ಮುಚ್ಚಳವಲ್ಲ, ಅದು ಚಿಲಕ ಮತ್ತು ಬೀಗ ಇರುವ, ತೋಡಿನೊಳಗೆ ಕೂರುವ ಅಥವಾ ಅಂಚಿನ ಸುತ್ತ ಇಳಿದು ಅಪ್ಪುವ ಮುಚ್ಚಳವಾಗಿರಬೇಕು. ಪ್ಲಾಸ್ಟಿಕ್ ಡಬ್ಬವಾದರೆ ಎರಡು ಕ್ಲಿಪ್ಪುಗಳ ನಡುವೆ ಎಲ್ಲೆಡೆ ಒಂದು ಎ.ಟಿ.ಎಂ. ಕಾರ್ಡನ್ನು ಅಂಚಿನಲ್ಲಿ ತೂರಿಸಿ ನೋಡಬೇಕು, ಕಾರ್ಡು ಬಿಗಿಯಾಗಿ ಸಿಕ್ಕಿಕೊಂಡರೆ ಸರಿ, ಸಡಿಲವಾಗಿ ಆಡಿದರೆ ಆ ಡಬ್ಬ ಅಕ್ಕಿಬೇಳೆಗೆ ಮಾತ್ರ ಯೋಗ್ಯ. ಗಾಳಿಗಾಗಿ ನೈಲಾನ್ ಬಲೆ ಹಾಕುವುದು ದೊಡ್ಡ ತಪ್ಪು, ಜರಿ ಅದನ್ನು ಕಡಿದು ದೊಡ್ಡದು ಮಾಡಬಲ್ಲದು. ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಣ್ಣಿನ ಜಾಲರಿ ಹಾಕಬಹುದು, ಇಲ್ಲವೇ ಗಟ್ಟಿ ಅಕ್ರಿಲಿಕ್ಕಿನಲ್ಲೇ 2 ಮಿಲಿಮೀಟರಿಗಿಂತ ದೊಡ್ಡದಲ್ಲದ ರಂಧ್ರಗಳನ್ನು ಕೊರೆಯಬಹುದು. ಮರಿಗಳಿಗಾದರೆ ಇದೂ ಹೆಚ್ಚು, 1 ಮಿಲಿಮೀಟರ್ ಸಾಕು. ರಂಧ್ರಗಳನ್ನು ಮುಚ್ಚಳದಲ್ಲಿ ಮಾತ್ರ ಕೊರೆದರೆ ಒಳಗಿನ ಗಾಳಿ ಆಡುವುದಿಲ್ಲ. ಒಂದು ಬದಿಯಲ್ಲಿ ಮಣ್ಣಿಗಿಂತ ತುಸು ಮೇಲೆ ಒಂದು ಸಾಲು, ಎದುರು ಬದಿಯಲ್ಲಿ ಅಂಚಿನ ಹತ್ತಿರ ಇನ್ನೊಂದು ಸಾಲು ಕೊರೆದರೆ ಬೆಚ್ಚಗಾದ ಗಾಳಿ ಮೇಲಿನಿಂದ ಹೊರಹೋಗಿ ತಂಪು ಗಾಳಿ ಕೆಳಗಿನಿಂದ ಒಳಬರುತ್ತದೆ. ಕೊರೆದ ರಂಧ್ರಗಳ ಅಂಚನ್ನು ಒಳಗಿನಿಂದ ಉಜ್ಜಿ ನಯ ಮಾಡಬೇಕು, ಒರಟು ಅಂಚು ಉಗುರಿಗೆ ಹಿಡಿತ ಕೊಡುತ್ತದೆ.

ಈ ಗಾಳಿಯ ವಿಷಯದಲ್ಲೇ ಮುಂಬಯಿ ಉಳಿದ ಊರುಗಳಿಂದ ಬೇರೆಯಾಗುತ್ತದೆ. ತಂಪು ದೇಶಗಳಲ್ಲಿ ಹೀಟರ್ ಉರಿಯುವ ಮನೆಯೊಳಗಿನ ಗಾಳಿ ಒಣಗಿರುತ್ತದೆ, ಹಾಗಾಗಿ ಅಲ್ಲಿಯ ಸೂಚನೆಗಳೆಲ್ಲ ರಂಧ್ರ ಕಡಿಮೆ ಮಾಡಿ, ದಿನವೂ ನೀರು ಸಿಂಪಡಿಸಿ, ವಿದ್ಯುತ್ತಿನಿಂದ ಬೆಚ್ಚಗಾಗುವ ಬಿಸಿ ಚಾಪೆ ಹಾಕಿ ಎನ್ನುತ್ತವೆ. ಜುಲೈ ತಿಂಗಳಲ್ಲಿ ಚಪ್ಪಲಿಯ ಮೇಲೂ ಬೂಷ್ಟು ಬೆಳೆಯುವ ನಮ್ಮ ಊರಿನಲ್ಲಿ ಆ ಸೂಚನೆಯನ್ನು ಪಾಲಿಸಿದರೆ ಒಂದು ವಾರದಲ್ಲಿ ಪೆಟ್ಟಿಗೆಯ ತುಂಬ ಬೂಷ್ಟು, ನುಸಿ ಮತ್ತು ಕೊಳೆತ ವಾಸನೆ. ಮಳೆಗಾಲದ ಗಾಳಿಯಲ್ಲಿ ತೇವ ಶೇಕಡ 80ಕ್ಕಿಂತ ಮೇಲಿರುವಾಗ ಜರಿಗೆ ಬೇಕಾದ್ದು ನೀರಲ್ಲ, ಗಾಳಿಯಾಟ. ಆಗ ಸಿಂಪಡಿಸುವುದನ್ನೇ ನಿಲ್ಲಿಸಿ, ನೀರಿನ ಬಟ್ಟಲನ್ನಷ್ಟೇ ಇಟ್ಟರೆ ಸಾಕಾಗುತ್ತದೆ. ಜನವರಿ ಫೆಬ್ರುವರಿಯ ಒಣ ಹಗಲುಗಳಲ್ಲಿ ಮತ್ತು ರಾತ್ರಿಯಿಡೀ ಎ.ಸಿ. ಓಡುವ ಕೋಣೆಯಲ್ಲಿ ಪರಿಸ್ಥಿತಿ ತಿರುಗುತ್ತದೆ. ಎ.ಸಿ. ಗಾಳಿಯಿಂದ ತೇವ ಹೀರುವುದರಿಂದ ಮೇ ತಿಂಗಳ ಮಲಗುವ ಕೋಣೆ ಮುಂಬಯಿಯಲ್ಲಿದ್ದೂ ಒಣನಾಡಿನಂತಾಗಿರುತ್ತದೆ. ಪುಣೆಯಲ್ಲಿರುವವರಿಗೆ ಬೇಸಗೆಯ ಒಣ ಹವೆಯೂ ಚಳಿಗಾಲದ ರಾತ್ರಿಗಳೂ ಎರಡೂ ತೊಂದರೆಯೇ. ಅಲ್ಲಿ ಬಿಸಿ ಚಾಪೆ ಬೇಕಾದರೂ ಅದನ್ನು ಪೆಟ್ಟಿಗೆಯ ಅಡಿಯಲ್ಲಿ ಇಡಬಾರದು, ಒಂದು ಬದಿಯ ಗೋಡೆಗೆ ಹೊರಗಿನಿಂದ ತಗುಲಿಸಬೇಕು. ಸೆಕೆಯಾದಾಗ ಮಣ್ಣಿನೊಳಕ್ಕೆ ಇಳಿದು ತಂಪು ಹುಡುಕುವುದು ಜರಿಯ ಹುಟ್ಟುಗುಣ, ಅಡಿಯಿಂದಲೇ ಬಿಸಿ ಬಂದರೆ ಅದು ತಪ್ಪಿಸಿಕೊಳ್ಳುವ ಭ್ರಮೆಯಲ್ಲಿ ಇನ್ನಷ್ಟು ಬಿಸಿಯೊಳಕ್ಕೆ ಇಳಿಯುತ್ತದೆ. ಮುಂಬಯಿಯಲ್ಲಿ ಬಿಸಿ ಚಾಪೆಯ ಅಗತ್ಯವೇ ಇಲ್ಲ. 24ರಿಂದ 28 ಡಿಗ್ರಿ ಸೆಲ್ಸಿಯಸ್ ಜರಿಗೆ ಹಿತವಾದ ಉಷ್ಣತೆಯಾದ್ದರಿಂದ ಇಲ್ಲಿ ನಮಗಿರುವ ಚಿಂತೆ ಹೆಚ್ಚಾಗಿ ಮೇಲಿನ ಮಿತಿಯದು. ಅಡುಗೆಮನೆಯ ಅಟ್ಟ, ಬಿಸಿಲು ಬೀಳುವ ಕಿಟಕಿಯ ಗ್ರಿಲ್ಲು, ಫ್ರಿಜ್ಜಿನ ಮೇಲ್ಭಾಗ ಇವು ಮೂರೂ ವರ್ಜ್ಯ. ಬಿಸಿಲಿನಲ್ಲಿಟ್ಟ ಗಾಜಿನ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಒಲೆಯಾಗುತ್ತದೆ.

ಮಣ್ಣಿಗೆ ನರ್ಸರಿಗಳಲ್ಲಿ ಇಟ್ಟಿಗೆಯಂತೆ ಒತ್ತಿ ಮಾರುವ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಒಳ್ಳೆಯದು. ಆದರೆ ಬರೀ ಕೊಕೊಪೀಟಿನಲ್ಲಿ ತೋಡಿದ ಬಿಲ ನಿಲ್ಲದೆ ಕುಸಿಯುವುದರಿಂದ ಗೊಬ್ಬರವಾಗಲಿ ಕೀಟನಾಶಕವಾಗಲಿ ಬೆರೆಸದ ಕೆಂಪುಮಣ್ಣನ್ನು ಮೂರರಲ್ಲೊಂದು ಪಾಲು ಕೂಡಿಸಬೇಕು. ಕೊಕೊಪೀಟನ್ನು ಎರಡು ಮೂರು ಬಾರಿ ನೀರಿನಲ್ಲಿ ತೊಳೆದು ಹಿಂಡಿದರೆ ಅದರಲ್ಲಿರಬಹುದಾದ ಉಪ್ಪಿನಂಶ ಹೋಗುತ್ತದೆ. ತೇವ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಡ: ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು, ನಮ್ಮ ಮನೆಗಳಲ್ಲಿ ಪುಟ್ಟಿನ ಹಿಟ್ಟಿಗೆ ನೋಡುವ ಹದವೇ ಇದು. ಪೆಟ್ಟಿಗೆಯ ಒಂದು ಅರ್ಧವನ್ನು ಈ ಹದದಲ್ಲಿಟ್ಟು ಇನ್ನೊಂದು ಅರ್ಧವನ್ನು ತುಸು ಒಣಗಲು ಬಿಟ್ಟರೆ ತನಗೆ ಬೇಕಾದ ಜಾಗವನ್ನು ಜರಿಯೇ ಆರಿಸಿಕೊಳ್ಳುತ್ತದೆ. ಅದು ಎಲ್ಲಿ ಮಲಗುತ್ತದೆಂದು ಕೆಲವು ದಿನ ಗಮನಿಸಿದವರಿಗೆ ಯಾವ ಪುಸ್ತಕವೂ ಹೇಳದ ಮಾಹಿತಿ ಸಿಗುತ್ತದೆ: ಸದಾ ನೀರಿನ ಬಟ್ಟಲ ಬಳಿಯೇ ಇದ್ದರೆ ಪೆಟ್ಟಿಗೆ ಒಣಗಿದೆ, ಸದಾ ಒಣ ಮೂಲೆಯಲ್ಲಿ ಅಥವಾ ಹೆಂಚಿನ ಮೇಲೆಯೇ ಇದ್ದರೆ ತೇವ ಹೆಚ್ಚಾಗಿದೆ. ಅಡಗುದಾಣಕ್ಕೆ ಹಳೆಯ ಮಂಗಳೂರು ಹೆಂಚಿನ ತುಂಡಿಗಿಂತ ಉತ್ತಮವಾದದ್ದು ನನಗೆ ಕಂಡಿಲ್ಲ, ಅದು ತೇವವನ್ನು ಹಿಡಿದಿಡುತ್ತದೆ, ಕೊಳೆಯುವುದಿಲ್ಲ, ಭಾರವಾಗಿರುವುದರಿಂದ ಅಲುಗುವುದಿಲ್ಲ. ಆದರೆ ಅದನ್ನು ಸಡಿಲ ಮಣ್ಣಿನ ಮೇಲಿಟ್ಟರೆ ಜರಿ ಅಡಿಯಲ್ಲಿ ತೋಡಿದಾಗ ಕುಸಿದು ಜರಿಯನ್ನೇ ಅಪ್ಪಚ್ಚಿ ಮಾಡಬಹುದು, ಆದ್ದರಿಂದ ಹೆಂಚಿನ ಎರಡು ತುದಿಗಳು ಪೆಟ್ಟಿಗೆಯ ತಳ ಮುಟ್ಟುವ ಕಲ್ಲುಗಳ ಮೇಲೆ ನಿಂತಿರಬೇಕು.

ಒಂದು ಪೆಟ್ಟಿಗೆಗೆ ಒಂದೇ ಜರಿ. ಎರಡನ್ನು ಕೂಡಿಟ್ಟರೆ ಕೊನೆಗೆ ಉಳಿಯುವುದು ದಪ್ಪಗಾದ ಒಂದು.

ಆಹಾರದ ಮಾತು ಪೆಟ್ಟಿಗೆಯ ಲೇಖನದಲ್ಲಿ ಬರಲು ಕಾರಣ, ಮುಂಬಯಿಯ ಮನೆಗಳಲ್ಲಿ ಜರಿಗೆ ಬರುವ ದೊಡ್ಡ ಅಪಾಯ ಅದೇ ದಾರಿಯಲ್ಲಿ ಬರುತ್ತದೆ. ವಾರಕ್ಕೊಂದು ಜಿರಲೆ ಅಥವಾ ಮಿಡತೆ ಬೆಳೆದ ಜರಿಗೆ ಸಾಕು, ಹಾಗೆಂದು ಅಡುಗೆಮನೆಯ ಜಿರಲೆಯನ್ನು ಹಿಡಿದು ಹಾಕುವಂತಿಲ್ಲ. ಕಟ್ಟಡದ ಯಾವುದೋ ಮನೆಯಲ್ಲಿ ವಿಷದ ಜೆಲ್ ತಿಂದ ಜಿರಲೆ ಕೊಳವೆಯ ಮೂಲಕ ನಮ್ಮ ಮನೆಗೆ ಬಂದಿರಬಹುದು. ಸಾಕಿ ಬೆಳೆಸಿದ ಹುಳುಗಳನ್ನೇ ಕೊಡಬೇಕು, ತಿನ್ನದೆ ಬಿಟ್ಟದ್ದನ್ನು ಮರುದಿನ ತೆಗೆಯಬೇಕು. ಪೊರೆ ಕಳಚುವ ಸಮಯದಲ್ಲಿ ಜರಿಯ ಮೈ ಮೆತ್ತಗಿರುವುದರಿಂದ ಪೆಟ್ಟಿಗೆಯಲ್ಲಿ ಉಳಿದ ಮಿಡತೆಯೇ ಅದನ್ನು ಕಡಿದು ತಿನ್ನಬಹುದು. ಪೊರೆ ಕಳಚುವ ಮುನ್ನ ಜರಿ ಹಲವು ವಾರ ಉಣ್ಣದೆ ಇರುತ್ತದೆ, ಆಗ ಮಣ್ಣು ಕೆದಕಿ ಬದುಕಿದೆಯೇ ಎಂದು ನೋಡುವುದು ಅದಕ್ಕೆ ಮಾಡುವ ದೊಡ್ಡ ಕೇಡು. ಇನ್ನೊಂದು ಅಪಾಯ ಗಾಳಿಯಲ್ಲಿದೆ. ಸೊಳ್ಳೆ ಓಡಿಸಲು ರಾತ್ರಿ ಹಚ್ಚುವ ದ್ರವದ ಯಂತ್ರಗಳಲ್ಲಿ, ಸುರುಳಿಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಅದು ಸಂಧಿಪದಿಗಳ ನರಗಳ ಮೇಲೆ ಕೆಲಸ ಮಾಡುವುದರಿಂದ ಸೊಳ್ಳೆ ಯಾವುದು, ಜರಿ ಯಾವುದು ಎಂಬ ಭೇದವನ್ನು ಎಣಿಸುವುದಿಲ್ಲ. ಮಳೆಗಾಲದಲ್ಲಿ ಪಾಲಿಕೆಯವರು ಬೀದಿಯಲ್ಲಿ ಹೊಗೆ ಬಿಡುವ ದಿನವೂ ಸೊಸೈಟಿಯಲ್ಲಿ ಜಿರಲೆಗೆ ಔಷಧಿ ಹೊಡೆಯುವ ದಿನವೂ ಪೆಟ್ಟಿಗೆ ಕಿಟಕಿ ಮುಚ್ಚಿದ ಬೇರೆ ಕೋಣೆಯಲ್ಲಿರಬೇಕು. ಇದಕ್ಕಾಗಿ ಪೆಟ್ಟಿಗೆ ಒಬ್ಬರೇ ಎತ್ತುವಷ್ಟು ಹಗುರವಾಗಿರುವುದು ಒಳ್ಳೆಯದು, ಅಲಂಕಾರಕ್ಕೆಂದು ಕಟ್ಟಿಸಿದ ಮಣಭಾರದ ಗಾಜಿನ ಪೆಟ್ಟಿಗೆಗಳ ಬಗ್ಗೆ ನನಗಿರುವ ಮುಖ್ಯ ತಕರಾರು ಇದೇ.

ಪೆಟ್ಟಿಗೆ ಎಷ್ಟೇ ಭದ್ರವಿರಲಿ, ಅದು ತೆರೆಯುವ ಹೊತ್ತಿನಲ್ಲಿ ಭದ್ರವಲ್ಲ. ಮಣ್ಣು ಬದಲಿಸುವಾಗ ಪೆಟ್ಟಿಗೆಯನ್ನು ಅದಕ್ಕಿಂತ ದೊಡ್ಡದಾದ, ನುಣುಪು ಗೋಡೆಯ ಪ್ಲಾಸ್ಟಿಕ್ ಟಬ್ಬಿನೊಳಗಿಟ್ಟು, ಆ ಟಬ್ಬನ್ನು ಒಣ ಕೋಣೆಯ ನಡುವೆ ಇಟ್ಟುಕೊಳ್ಳಬೇಕು, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಬೇಕು. ತೊಳೆಯಲು ಸುಲಭವೆಂದು ಬಚ್ಚಲುಮನೆಯಲ್ಲಿ ಈ ಕೆಲಸ ಮಾಡುವವರಿದ್ದಾರೆ. ತೇವ ಹುಡುಕುವ ಪ್ರಾಣಿಯ ಮುಂದೆ ನೀರು ಹೋಗುವ ಮೋರಿಯನ್ನು ತೆರೆದಿಟ್ಟಂತೆ ಅದು. ಜರಿಯನ್ನು ಸಾಗಿಸಲು ಚಿಮ್ಮಟದಿಂದ ಹಿಡಿಯಬಾರದು, ಹಿಡಿದರೆ ಕಾಲು ಮುರಿದುಕೊಳ್ಳುತ್ತದೆ ಅಥವಾ ಚಿಮ್ಮಟದ ಮೇಲೆಯೇ ಕೈಯತ್ತ ಓಡಿಬರುತ್ತದೆ. ಅಗಲ ಬಾಯಿಯ ಪಾರದರ್ಶಕ ಡಬ್ಬವನ್ನು ಅದರ ಮುಂದೆ ಅಡ್ಡ ಮಲಗಿಸಿ, 30 ಸೆಂಟಿಮೀಟರ್ ಉದ್ದದ ಕಡ್ಡಿಯಿಂದ ಹಿಂಗಾಲುಗಳನ್ನು ಮೆಲ್ಲನೆ ಮುಟ್ಟಿದರೆ ಕತ್ತಲೆಯ ಆಸರೆ ಹುಡುಕುತ್ತ ಅದೇ ಒಳಹೋಗುತ್ತದೆ. ಡಬ್ಬದ ಹೊರಭಾಗಕ್ಕೆ ಕಪ್ಪು ಬಟ್ಟೆ ಸುತ್ತಿದ್ದರೆ ಇನ್ನೂ ಬೇಗ ಹೋಗುತ್ತದೆ. ಬರಿಗೈಯಲ್ಲಿ ಆಡಿಸಿ ಚಿತ್ರ ತೆಗೆಸಿಕೊಳ್ಳುವವರನ್ನು ಅನುಕರಿಸುವ ಅಗತ್ಯ ಯಾರಿಗೂ ಇಲ್ಲ.

ಕಚ್ಚಿದರೆ ಏನಾಗುತ್ತದೆಂದು ಮನೆಯವರೆಲ್ಲರಿಗೂ ಮೊದಲೇ ತಿಳಿದಿರಬೇಕು. ತೀವ್ರವಾದ ಉರಿನೋವು, ಬಾವು, ಕೆಂಪಾಗುವಿಕೆ ಸಾಮಾನ್ಯ, ನೋವು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಪ್ರಾಣಾಪಾಯ ತೀರಾ ಅಪರೂಪ, ಆದರೆ ಈ ವಿಷದ ಶಕ್ತಿಯನ್ನು ಹಗುರವಾಗಿ ಎಣಿಸುವಂತಿಲ್ಲ. ಚೀನಾದ ಕೆಂಪುತಲೆಯ ಜರಿಯೊಂದು ತನಗಿಂತ ಸುಮಾರು 15 ಪಟ್ಟು ತೂಕದ ಇಲಿಯನ್ನು ಅರ್ಧ ನಿಮಿಷದೊಳಗೆ ಕೆಡವುವುದನ್ನೂ ಅದರ ವಿಷದ ಒಂದು ಅಂಶ ಹೃದಯ, ರಕ್ತನಾಳ ಮತ್ತು ನರಗಳ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಹಾದುಹೋಗುವ ದ್ವಾರಗಳನ್ನು ಮುಚ್ಚಿಬಿಡುವುದನ್ನೂ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ್ದಾರೆ. ಕಚ್ಚಿದ ಜಾಗವನ್ನು ಸೋಪಿನಿಂದ ತೊಳೆದು, ಚರ್ಮ ಸುಡದಂತೆ ಸಹಿಸಬಹುದಾದಷ್ಟು ಬಿಸಿನೀರಿನಲ್ಲಿ ಅದ್ದಿಟ್ಟರೆ ಹಲವರಿಗೆ ನೋವು ತಗ್ಗುತ್ತದೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಉಸಿರಾಟದ ತೊಂದರೆ, ಮೈಯೆಲ್ಲ ದದ್ದು, ತಲೆಸುತ್ತು ಕಂಡರೆ, ಅಥವಾ ಕಚ್ಚಿಸಿಕೊಂಡವರು ಮಗುವಾಗಿದ್ದರೆ, ಕಾಯದೆ ಆಸ್ಪತ್ರೆಗೆ ಹೋಗಬೇಕು. ಹಾವಿನ ವಿಷಕ್ಕೆ ಕೊಡುವ ಮದ್ದು ಇದಕ್ಕೆ ಬರುವುದಿಲ್ಲ.

ಪ್ರಾಣಿ ಎಲ್ಲಿಂದ ಬಂತೆಂಬುದೂ ಗಮನಿಸಬೇಕಾದ ಸಂಗತಿ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಮಳೆಗಾಲದಲ್ಲಿ ಕಲ್ಲೆತ್ತಿದರೆ ಜರಿ ಸಿಗಬಹುದು, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದಿಂದ ಅನುಮತಿಯಿಲ್ಲದೆ ಯಾವ ವನ್ಯಜೀವಿಯನ್ನೂ ಹೊರತರುವಂತಿಲ್ಲ. ಹೊರದೇಶದ ಜರಿಯನ್ನು ಮಾರುವವರು ಆಮದಿನ ಕಾಗದಪತ್ರ ತೋರಿಸದಿದ್ದರೆ ಅದನ್ನು ಕೊಳ್ಳಬಾರದು. ಸಾಕಲಾಗದೆ ಹೋದಾಗ ಅದನ್ನು ಗೋರೆಗಾಂವಿನ ಆರೆ ಕಾಡಿನ ಮರಗಳ ನಡುವೆ ಬಿಟ್ಟುಬರುವುದು ಎಲ್ಲಕ್ಕಿಂತ ಕೆಟ್ಟ ಪರಿಹಾರ, ಹೊರಗಿನ ಬೇಟೆಗಾರ ಪ್ರಾಣಿ ಅಲ್ಲಿಯ ಜೀವಿಗಳಿಗೆ ಏನು ಮಾಡೀತೆಂದು ಊಹಿಸುವುದು ಕಷ್ಟ. ಚೆನ್ನಾಗಿ ನೋಡಿಕೊಂಡ ದೊಡ್ಡ ಜರಿಗಳು ಹತ್ತು ವರ್ಷದವರೆಗೂ ಬದುಕುವುದುಂಟು, ಬಾಡಿಗೆ ಮನೆ ಹನ್ನೊಂದು ತಿಂಗಳಿಗೊಮ್ಮೆ ಬದಲಾಗುವ ಈ ಊರಿನಲ್ಲಿ ಕೊಳ್ಳುವ ಮುನ್ನವೇ ಆ ಲೆಕ್ಕವನ್ನೂ ಹಾಕಿಕೊಳ್ಳಬೇಕು.

ಮುಲುಂಡಿನ ಹುಡುಗ ಈಗ ಪೆಟ್ಟಿಗೆ ಬದಲಿಸಿದ್ದಾನೆ. ಅಕ್ರಿಲಿಕ್ಕಿನ ಗೋಡೆ, ತೋಡಿನೊಳಗೆ ಜಾರುವ ಮುಚ್ಚಳ, ಅದಕ್ಕೊಂದು ಪುಟ್ಟ ಹಿತ್ತಾಳೆಯ ಬೀಗ, ಬೀಗದ ಕೈ ಅಜ್ಜಿಯ ಸೆರಗಿನ ಗಂಟಿನಲ್ಲಿ. ಕಸ ಗುಡಿಸಲು ಬರುವಾಕೆಗೆ ತಿಳಿಯಲೆಂದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮರಾಠಿಯಲ್ಲಿ ಘೋಣ್ ಎಂದು ಬರೆದು, ಓದು ಬಾರದಿದ್ದರೂ ಅರ್ಥವಾಗುವಂತೆ ಕೆಳಗೆ ಅದರ ಚಿತ್ರವನ್ನೂ ಬಿಡಿಸಿ ಅಂಟಿಸಿದ್ದಾನೆ.